ಹದಿಹರೆಯದ ಬಾಯಾರಿಕೆ

ನಮ್ಮ ಸಂಘದ ವಾಚನಾಲಯದ ಬಾಗಿಲ ಬಳಿ ಒಂದು ಮಣ್ಣಿನ ಹೂಜಿ ಇದೆ. ದುಡಿದು ದಣಿದು ಬಂದವರು ಒಂದು ಲೋಟ ತಣ್ಣೀರು ಕುಡಿದು ಪತ್ರಿಕೆಯನ್ನು ಕೈಗೆತ್ತಿಕೊಳ್ಳಲಿ ಎಂದು ಹಿರಿಯರು ಇರಿಸಿದ್ದು. ಕಳೆದ ಏಪ್ರಿಲಿನಲ್ಲಿ ಆ ಹೂಜಿ ದೀಪ ಹಚ್ಚುವ ಹೊತ್ತಿಗೇ ಬರಿದಾಗತೊಡಗಿತು. ನಮ್ಮ ಸದಸ್ಯರೊಬ್ಬರ ಹದಿನೈದು ವರ್ಷದ ಮಗ ಪರೀಕ್ಷೆಗೆ ಓದಲೆಂದು ಬರುತ್ತಿದ್ದ. ಪುಟ ತಿರುವಿದ್ದಕ್ಕಿಂತ ಹೆಚ್ಚು ಸಲ ಹೂಜಿಯ ಬಳಿಗೆ ಹೋಗುತ್ತಿದ್ದ. "ಏನಪ್ಪಾ, ನಿಮ್ಮ ಚಾಳಿನಲ್ಲಿ ನಳ ನಿಂತುಹೋಯಿತೇ?" ಎಂದು ನಾವು ನಗೆಯಾಡಿದೆವು. ಹುಡುಗನೂ ನಕ್ಕು, ಇನ್ನೊಂದು ಲೋಟ ಕುಡಿದು, ಹೊರಗೆ ಹೋಗಿ ಬಂದು ಕುಳಿತ. ಮೇ ತಿಂಗಳ ಮೊದಲ ವಾರದಲ್ಲಿ ಅವನು ಬರಲಿಲ್ಲ. ಆಸ್ಪತ್ರೆಯಲ್ಲಿದ್ದಾನೆ, ಮೈಮೇಲೆ ಎಚ್ಚರವಿಲ್ಲ ಎಂಬ ಸುದ್ದಿ ಬಂದಿತು.

ಹುಡುಗ ಬದುಕಿದ. ವಾಚಕರು ಆತಂಕಪಡದಿರಲೆಂದು ಇದನ್ನು ಮೊದಲೇ ಹೇಳಿಬಿಡುತ್ತೇವೆ. ಆದರೆ ಅವನು ಬದುಕಿದ್ದು ನಮ್ಮ ಯಾರ ಎಚ್ಚರದಿಂದಲೂ ಅಲ್ಲ. ಮೂರು ವಾರಗಳ ಕಾಲ ರೋಗವು ಎಲ್ಲರ ಕಣ್ಣೆದುರಿಗೇ ಓಡಾಡುತ್ತಿತ್ತು. ನೋಡಿದವರೆಲ್ಲರೂ ಅದಕ್ಕೆ ಬೇರೊಂದು ಹೆಸರು ಕೊಟ್ಟೆವು. ಬೇಸಗೆಯ ಧಗೆ ಎಂದರು ತಾಯಿ. ಓದಿನ ದಣಿವು ಎಂದರು ಹೋಟೆಲಿನಲ್ಲಿ ರಾತ್ರಿ ಪಾಳಿ ಮಾಡುವ ತಂದೆ. ಸೋಮಾರಿತನ ಎಂದರು ಪಾಠ ಹೇಳುವ ಮಾಸ್ತರರು. ಅಂಗಿ ಜೋಲುತ್ತಿರುವುದನ್ನು ಕಂಡ ನೆರೆಯ ಅಜ್ಜಿ, ಬೆಳೆಯುವ ವಯಸ್ಸು, ಮೈಯೆಲ್ಲ ಎತ್ತರಕ್ಕೆ ಹೋಗುತ್ತಿದೆ ಎಂದರು. ರಾತ್ರಿ ನಾಲ್ಕು ಸಲ ಚಾಳಿನ ಕೊನೆಯ ಪಾಯಿಖಾನೆಗೆ ಹೋಗುವುದನ್ನು ಕಂಡವರು, ಕುಡಿದ ನೀರು ಎಲ್ಲಿಗೆ ಹೋಗಬೇಕು ಎಂದರು. ಕಡೆಗೆ ವಾಂತಿ ಹೊಟ್ಟೆನೋವು ಶುರುವಾದಾಗ ಗಲ್ಲಿಯ ಔಷಧಾಲಯದಲ್ಲಿ ಅಜೀರ್ಣವೆಂದು ಮಾತ್ರೆ ಕೊಟ್ಟು, ಬಳಲಿಕೆಗೆಂದು ಗ್ಲೂಕೋಸಿನ ಬಾಟಲಿ ಏರಿಸಿ ಕಳುಹಿಸಿದರು. ಆ ರಾತ್ರಿ ಹುಡುಗ ಓಡಿ ಬಂದವನಂತೆ ಉಸಿರೆಳೆಯತೊಡಗಿದ. ಬೆಳಗಿನ ಜಾವ ದೊಡ್ಡ ಆಸ್ಪತ್ರೆಗೆ ಹೊತ್ತು ತಂದಾಗ ಒಬ್ಬ ದಾದಿ ಬೆರಳನ್ನು ಚುಚ್ಚಿ ಒಂದು ತೊಟ್ಟು ರಕ್ತವನ್ನು ಪಟ್ಟಿಯ ಮೇಲಿಟ್ಟರು. ಕೆಲವೇ ಕ್ಷಣಗಳಲ್ಲಿ ರೋಗದ ನಿಜವಾದ ಹೆಸರು ಹೊರಬಿದ್ದಿತು: ಮಧುಮೇಹ.

ಇದರಲ್ಲಿ ಯಾರನ್ನೂ ದೂರಲು ನಾವು ಲೇಖನಿ ಹಿಡಿದಿಲ್ಲ. ದೂರುವುದಾದರೆ ಹೂಜಿಯ ಪಕ್ಕದಲ್ಲಿ ಕುಳಿತು ನಕ್ಕ ನಮ್ಮನ್ನೇ ಮೊದಲು ದೂರಬೇಕು. ಆ ಮಗುವಿಗೆ ಮೂರು ವಾರ ಮೊದಲು ಸಿಗಬೇಕಾಗಿದ್ದುದು ಯಾವ ದುಬಾರಿ ಚಿಕಿತ್ಸೆಯೂ ಅಲ್ಲ. ಬೆರಳ ತುದಿಯ ಒಂದು ತೊಟ್ಟು ರಕ್ತದ ಪರೀಕ್ಷೆ. ಅದರ ಖರ್ಚು ನಮ್ಮ ಹೋಟೆಲುಗಳ ಒಂದು ಹೊತ್ತಿನ ಉಪಾಹಾರದ ಬೆಲೆಗಿಂತ ಹೆಚ್ಚಾಗದು. ಕೊರತೆಯಾದದ್ದು ಹಣಕ್ಕಲ್ಲ, ತಿಳಿವಳಿಕೆಗೆ. ತಿಳಿವಳಿಕೆಯನ್ನು ಹಂಚುವುದು ನಮ್ಮಂತಹ ಪತ್ರಿಕೆಯ ಮೊದಲ ಕರ್ತವ್ಯವಾದುದರಿಂದ ಈ ಸಲದ ಸಂಪಾದಕೀಯವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ.

ಮಧುಮೇಹವೆಂದರೆ ನಮ್ಮ ಮನಸ್ಸಿಗೆ ಬರುವ ಚಿತ್ರವೇ ಬೇರೆ. ಐವತ್ತು ದಾಟಿದ, ಹೊಟ್ಟೆ ಬಂದ, ಗಲ್ಲಾದ ಮೇಲೆ ಕುಳಿತ ಧಣಿಯ ಚಿತ್ರ ಅದು. ಆ ಚಿತ್ರ ಪೂರ್ತಿ ಸುಳ್ಳೇನಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಧುಮೇಹಿಗಳಿದ್ದಾರೆ. ಇವರಲ್ಲಿ ಬಹುಪಾಲು ಜನರಿಗಿರುವುದು ನಿಧಾನವಾಗಿ, ವರುಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ಎರಡನೆಯ ಬಗೆಯ ಮಧುಮೇಹ. ಆದರೆ ಮಕ್ಕಳನ್ನೂ ಹದಿಹರೆಯದವರನ್ನೂ ಹಿಡಿಯುವ ಇನ್ನೊಂದು ಬಗೆ ಇದೆ. ವೈದ್ಯರು ಅದನ್ನು ಟೈಪ್ 1 ಎನ್ನುತ್ತಾರೆ. ಅದು ವರುಷಗಳ ವಾಯಿದೆ ಕೊಡುವುದಿಲ್ಲ. ಲಕ್ಷಣ ಕಾಣಿಸಿಕೊಂಡ ಕೆಲವು ವಾರಗಳಲ್ಲಿ, ಕೆಲವೊಮ್ಮೆ ಕೆಲವೇ ದಿನಗಳಲ್ಲಿ, ಪ್ರಾಣಕ್ಕೇ ಸಂಚಕಾರ ತರುತ್ತದೆ. ಈ ಬಗೆಯ ಮಧುಮೇಹವಿರುವ ಮಕ್ಕಳ ಸಂಖ್ಯೆ ಅತಿ ಹೆಚ್ಚಾಗಿರುವ ದೇಶಗಳ ಸಾಲಿನಲ್ಲಿ ನಮ್ಮ ದೇಶವೂ ಇದೆ ಎಂಬುದನ್ನು ಬಹಳ ಜನ ತಿಳಿದಿಲ್ಲ.

ಈ ಎರಡು ಬಗೆಗಳ ವ್ಯತ್ಯಾಸ ನಮ್ಮ ಪೂರ್ವಿಕರಿಗೆ ಹೊಳೆಯದೆ ಇರಲಿಲ್ಲ. ಹುಟ್ಟಿನಿಂದ ಬರುವುದೊಂದು, ಅಪಥ್ಯದಿಂದ ಬರುವುದೊಂದು ಎಂದು ಸುಶ್ರುತ ಸಂಹಿತೆಯು ಪ್ರಮೇಹವನ್ನು ವಿಂಗಡಿಸುತ್ತದೆ. ಮೊದಲನೆಯ ರೋಗಿ ಕೃಶನೂ ಬಾಯಾರಿಕೆಯಿಂದ ಬಳಲುವವನೂ ಆಗಿರುತ್ತಾನೆ, ಎರಡನೆಯವನು ಸ್ಥೂಲಕಾಯನಾಗಿರುತ್ತಾನೆ ಎಂದೂ ಹೇಳುತ್ತದೆ. ಇಂದಿನ ವೈದ್ಯಶಾಸ್ತ್ರದ ವಿವರಣೆ ಬೇರೆಯಾದರೂ, ಬಡಕಲಾದ, ಬಾಯಾರಿದ ರೋಗಿಯನ್ನು ಬೇರೆಯಾಗಿ ಕಾಣಬೇಕೆಂಬ ಎಚ್ಚರ ಎಷ್ಟು ಹಳೆಯದೆಂಬುದಕ್ಕೆ ಇದು ಸಾಕ್ಷಿ.

ಒಳಗೆ ನಡೆಯುವುದು ಇಷ್ಟು. ನಾವು ಉಣ್ಣುವ ಅನ್ನ, ರೊಟ್ಟಿ, ಇಡ್ಲಿ ಎಲ್ಲವೂ ಕಡೆಗೆ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ಆ ಸಕ್ಕರೆಯನ್ನು ಮಾಂಸಖಂಡಗಳ ಒಳಕ್ಕೆ ಬಿಡಿಸುವುದು ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಎಂಬ ರಸ. ಟೈಪ್ 1 ಮಧುಮೇಹದಲ್ಲಿ ದೇಹದ ಕಾವಲು ಪಡೆಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶಮಾಡಿಬಿಡುತ್ತದೆ. ಹೋಟೆಲಿನ ಬಂಧುಗಳಿಗೆ ಅರ್ಥವಾಗುವಂತೆ ಹೇಳಬೇಕಾದರೆ, ಉಗ್ರಾಣದ ತುಂಬ ಅಕ್ಕಿಯಿದೆ, ಬೀಗದ ಕೈ ಕಳೆದಿದೆ, ಅಡುಗೆಮನೆಯ ಒಲೆ ಆರುತ್ತಿದೆ. ರಕ್ತದಲ್ಲಿ ಸಕ್ಕರೆ ಏರುತ್ತ ಹೋಗುತ್ತದೆ; ದೇಹ ಮಾತ್ರ ಹಸಿದು ಸೊರಗುತ್ತದೆ. ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದ ಸಕ್ಕರೆಯನ್ನು ಮೂತ್ರಪಿಂಡಗಳು ತಡೆಯಲಾರದೆ ಹೊರಗೆ ಬಿಡುತ್ತವೆ. ಸಕ್ಕರೆ ತನ್ನೊಡನೆ ನೀರನ್ನೂ ಎಳೆದೊಯ್ಯುತ್ತದೆ. ಆದುದರಿಂದ ಹುಡುಗನು ಹೆಚ್ಚು ನೀರು ಕುಡಿದುದರಿಂದ ಹೆಚ್ಚು ಮೂತ್ರ ಮಾಡುತ್ತಿರಲಿಲ್ಲ. ಹೆಚ್ಚು ಮೂತ್ರ ಹೋಗುತ್ತಿದ್ದುದರಿಂದ ಹೆಚ್ಚು ನೀರು ಕುಡಿಯುತ್ತಿದ್ದ. ನಾವು ಕಾರಣವನ್ನೂ ಕಾರ್ಯವನ್ನೂ ತಲೆಕೆಳಗು ಮಾಡಿಕೊಂಡಿದ್ದೆವು.

ಈಗ ಲಕ್ಷಣಗಳನ್ನು ಒಂದೊಂದಾಗಿ ನೋಡೋಣ. ಮುಖ್ಯವಾದವು ನಾಲ್ಕೇ.

ಮೊದಲನೆಯದು ಮೂತ್ರ. ಹಗಲಿನಲ್ಲಿ ಪದೇ ಪದೇ, ರಾತ್ರಿ ನಿದ್ದೆಗೆಟ್ಟು ಎರಡು ಮೂರು ಸಲ ಏಳುವುದು. ಎಂದೋ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಮತ್ತೆ ಒದ್ದೆ ಮಾಡತೊಡಗಿದರೆ ಗದರಿಸಕೂಡದು, ನಾಚಿಸಕೂಡದು, ಪರೀಕ್ಷೆ ಮಾಡಿಸಬೇಕು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಊರಿನಲ್ಲಿ ಹಿರಿಯರು ಗಮನಿಸುತ್ತಿದ್ದರು. ಈ ನಗರದ ಸಾರ್ವಜನಿಕ ಪಾಯಿಖಾನೆಯಲ್ಲಿ ಇರುವೆಯ ಸಾಕ್ಷಿಗಾಗಿ ಕಾಯುವುದು ಮೂರ್ಖತನ.

ಎರಡನೆಯದು ಬಾಯಾರಿಕೆ. ಕುಡಿದಷ್ಟೂ ತೀರದ ಬಾಯಾರಿಕೆ. ತಲೆದಿಂಬಿನ ಬಳಿ ತಂಬಿಗೆ ಇಟ್ಟುಕೊಳ್ಳುವ ಬಾಯಾರಿಕೆ. ಬೇಸಗೆಯಲ್ಲಿ ಮನೆಯವರೆಲ್ಲರೂ ಹೆಚ್ಚು ನೀರು ಕುಡಿಯುತ್ತಾರೆ ನಿಜ. ಆದರೆ ಬೆವರು ಸುರಿಯುವಾಗ ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗಬೇಕು. ನೀರೂ ಹೆಚ್ಚು, ಮೂತ್ರವೂ ಹೆಚ್ಚು ಎಂದಾದರೆ ಅದು ಸೆಕೆಯ ಲೆಕ್ಕಕ್ಕೆ ಬರುವುದಿಲ್ಲ. ಈ ಒಂದು ಮಾತನ್ನು ತಾಯಂದಿರು ನೆನಪಿಟ್ಟರೆ ಸಾಕು.

ಮೂರನೆಯದು ಸೊರಗುವಿಕೆ. ಮೊದಲಿಗಿಂತ ಹೆಚ್ಚು ಉಂಡರೂ ಮೈ ಇಳಿಯುವುದು. ಬೆಳೆಯುವ ಮಕ್ಕಳು ತೆಳ್ಳಗೆ ಕಾಣಬಹುದು, ಆದರೆ ಅವರ ತೂಕ ಇಳಿಯಬಾರದು. ಕಳೆದ ತಿಂಗಳು ಸರಿಯಾಗಿದ್ದ ಚಡ್ಡಿಗೆ ಈ ತಿಂಗಳು ದಾರ ಕಟ್ಟಬೇಕಾಗಿ ಬಂದರೆ ಅದು ಬೆಳವಣಿಗೆಯಲ್ಲ.

ನಾಲ್ಕನೆಯದು ಬಳಲಿಕೆ. ಆಟ ಬಿಟ್ಟು ಮಲಗುವುದು, ತರಗತಿಯಲ್ಲಿ ತೂಕಡಿಸುವುದು, ಮೆಟ್ಟಿಲು ಹತ್ತಿ ಕುಳಿತುಬಿಡುವುದು, ಕಾರಣವಿಲ್ಲದೆ ಸಿಡುಕುವುದು. ಹದಿಹರೆಯದವರ ಬಳಲಿಕೆಗೆ ಸೋಮಾರಿತನವೆಂಬ ಹೆಸರು ಬಹಳ ಬೇಗ ಅಂಟಿಕೊಳ್ಳುತ್ತದೆ. ಮೊಬೈಲು ನೋಡುತ್ತ ರಾತ್ರಿಯೆಲ್ಲ ಎದ್ದಿರುತ್ತಾನೆ ಎಂದು ಬೈದುಬಿಡುತ್ತೇವೆ. ಬೈಯುವ ಮುನ್ನ ಉಳಿದ ಮೂರು ಲಕ್ಷಣಗಳಲ್ಲಿ ಯಾವುದಾದರೂ ಇದೆಯೇ ಎಂದು ಒಂದು ಕ್ಷಣ ಯೋಚಿಸಬೇಕು.

ಇವುಗಳ ಜೊತೆಗೆ ಕಣ್ಣು ಮಂಜಾಗಿ ಕರಿಹಲಗೆಯ ಅಕ್ಷರ ಕಾಣದಿರುವುದು, ಗಾಯ ಬೇಗ ಮಾಯದಿರುವುದು, ಮೇಲಿಂದ ಮೇಲೆ ಕುರು ಏಳುವುದು, ಹೆಣ್ಣುಮಕ್ಕಳಲ್ಲಿ ಗುಪ್ತಾಂಗದ ತುರಿಕೆ ಇವೂ ಇರಬಹುದು. ನಾಲ್ಕೂ ಒಟ್ಟಿಗೆ ಸೇರಲಿ ಎಂದು ಕಾಯಬೇಕಾಗಿಲ್ಲ.

ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಹತ್ತು ಖೋಲಿಗಳಿಗೆ ಎರಡು ಪಾಯಿಖಾನೆಗಳಿರುವ ಕಡೆ, ರಾತ್ರಿ ದೀಪವಿಲ್ಲದ ಓಣಿಯಲ್ಲಿ ನಡೆದು ಹೋಗಬೇಕಾದ ಕಡೆ, ಹದಿನಾಲ್ಕರ ಹುಡುಗಿ ತನಗೆ ಪದೇ ಪದೇ ಮೂತ್ರವಾಗುತ್ತದೆಂದು ಬಾಯಿ ಬಿಟ್ಟು ಹೇಳುವುದಿಲ್ಲ. ಬಾಯಾರಿಕೆಯನ್ನು ನುಂಗಿಕೊಳ್ಳುತ್ತಾಳೆ, ಶಾಲೆಯಲ್ಲಿ ನೀರನ್ನೇ ಮುಟ್ಟದಿರುತ್ತಾಳೆ. ಅವಳ ಲಕ್ಷಣ ಹೂಜಿಯಲ್ಲಿ ಕಾಣುವುದಿಲ್ಲ. ಒಣಗಿದ ತುಟಿಯಲ್ಲಿ, ಸಡಿಲವಾದ ಬಳೆಯಲ್ಲಿ ಕಾಣುತ್ತದೆ. ತಾಯಂದಿರೂ ಅಕ್ಕಂದಿರೂ ತಾವಾಗಿ ಕೇಳಬೇಕು. ರೋಗದ ಹೆಸರು ಹೊರಗೆ ಬಂದರೆ ನಾಳೆ ಮದುವೆಗೆ ಅಡ್ಡಿ ಬಂದೀತೆಂಬ ಅಂಜಿಕೆಯಿಂದ ಪರೀಕ್ಷೆಯನ್ನೇ ತಪ್ಪಿಸುವ ಮನೆಗಳುಂಟು. ಅವರಿಗೆ ನಮ್ಮ ಪ್ರಶ್ನೆ ಒಂದೇ: ಮಗಳು ಉಳಿದರೆ ತಾನೆ ಮದುವೆಯ ಮಾತು?

ಅಂತೆಯೇ ತಂದೆತಾಯಿಗಳಿಂದ ದೂರವಾಗಿ ಇಲ್ಲಿ ದುಡಿಯುವ ಹುಡುಗರು. ಊರಿನಿಂದ ಬಂದು ಹೋಟೆಲಿನ ಮಾಳಿಗೆಯ ಮೇಲೆ ಹತ್ತು ಜನರೊಡನೆ ಮಲಗುವ ಹದಿನೇಳರ ಹುಡುಗನ ಮೈ ಇಳಿದದ್ದನ್ನು ನೋಡುವ ತಾಯಿ ಇಲ್ಲಿಲ್ಲ. ರಾತ್ರಿ ಅವನು ಎಷ್ಟು ಸಲ ಎದ್ದ ಎಂಬುದು ಪಕ್ಕದಲ್ಲಿ ಮಲಗಿದವನಿಗೆ ಮಾತ್ರ ಗೊತ್ತು. ಅಲ್ಲಿ ಜೊತೆಗಾರನೇ ತಾಯಿ. ಕೆಲಸಗಳ್ಳನೆಂದು ಯಜಮಾನರು ಗದರಿಸುವ ಮೊದಲು ಅವನನ್ನು ಪರೀಕ್ಷೆಗೆ ಕರೆದೊಯ್ಯುವುದು ಆ ಜೊತೆಗಾರನ ಧರ್ಮ.

ಇನ್ನು ಅಪಾಯದ ಗಂಟೆ. ಇನ್ಸುಲಿನ್ ಇಲ್ಲದ ದೇಹ ಸಕ್ಕರೆಯನ್ನು ಉರಿಸಲಾರದೆ ತನ್ನ ಕೊಬ್ಬನ್ನೇ ಉರಿಸತೊಡಗುತ್ತದೆ. ಆ ಉರಿಯ ಹೊಗೆಯೋ ಎಂಬಂತೆ ಕೀಟೋನ್ ಎಂಬ ವಸ್ತುಗಳು ರಕ್ತದಲ್ಲಿ ತುಂಬಿ ರಕ್ತವನ್ನು ಆಮ್ಲವಾಗಿಸುತ್ತವೆ. ಆಗ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಬಾಯಿಂದ ಕೊಳೆತ ಹಣ್ಣಿನಂತಹ ಅಥವಾ ಉಗುರುಬಣ್ಣ ತೆಗೆಯುವ ದ್ರವದಂತಹ ವಾಸನೆ, ಮಂಪರು, ಕಡೆಗೆ ಪ್ರಜ್ಞೆ ತಪ್ಪುವುದು. ವಾಂತಿಯನ್ನು ಕಂಡು ಅಜೀರ್ಣವೆಂದೂ, ಹೊಟ್ಟೆನೋವನ್ನು ಕಂಡು ಅಪೆಂಡಿಸೈಟಿಸ್ ಎಂದೂ, ಉಸಿರನ್ನು ಕಂಡು ಉಬ್ಬಸವೆಂದೂ ತಿಳಿಯುವ ಸಂಭವ ಬಹಳ. ಗುರುತು ಇಷ್ಟೇ: ವಾಂತಿಭೇದಿಯಿಂದ ನೀರಾರಿದ ಮಗುವಿಗೆ ಮೂತ್ರ ಕಡಿಮೆಯಾಗಿರುತ್ತದೆ, ಮಧುಮೇಹದ ಮಗು ವಾಂತಿ ಮಾಡುತ್ತಲೂ ಮೂತ್ರ ಮಾಡುತ್ತಲೇ ಇರುತ್ತದೆ. ಈ ಸ್ಥಿತಿಯಲ್ಲಿ ಗಲ್ಲಿಯ ಔಷಧಾಲಯದಲ್ಲಿ ಹೊತ್ತು ಕಳೆಯಕೂಡದು. ರಾತ್ರಿಯಾಗಲಿ ಹಗಲಾಗಲಿ, ತುರ್ತು ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಒಯ್ಯಬೇಕು. ಮುಂಬಯಿಯಲ್ಲಿ ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲಿನ ನಾಯರ್, ಸಯಾನಿನ ಲೋಕಮಾನ್ಯ ಟಿಳಕ ಇವು ನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳು. ಇವುಗಳ ಬಾಗಿಲು ಬಡವನಿಗೂ ತೆರೆದಿದೆ.

ಮನೆಯಲ್ಲಿ ಮಾಡಬಾರದ ಕೆಲಸವೊಂದಿದೆ. ಬಳಲಿದ ಮಗುವನ್ನು ಕಂಡೊಡನೆ ಗ್ಲೂಕೋಸಿನ ಪುಡಿ ಕಲಸಿ ಕುಡಿಸುವುದು, ಕಬ್ಬಿನ ಹಾಲು, ಬಾಟಲಿಯ ಪಾನೀಯ ತರಿಸುವುದು ನಮ್ಮ ರೂಢಿ. ಈ ರೋಗದಲ್ಲಿ ಅದು ಉರಿಯುವ ಬೆಂಕಿಗೆ ತುಪ್ಪ. ವೈದ್ಯರು ಬಾಟಲಿ ಏರಿಸಬೇಕೆಂದಾಗ, "ಡಾಕ್ಟರೇ, ಅದಕ್ಕೆ ಮೊದಲು ಒಮ್ಮೆ ಸಕ್ಕರೆ ನೋಡಿ" ಎಂದು ಕೇಳುವ ಹಕ್ಕು ನಿಮಗಿದೆ. ಕೇಳುವುದು ಅವಿನಯವಲ್ಲ. ಒಳ್ಳೆಯ ವೈದ್ಯರು ಅದನ್ನು ಮೆಚ್ಚುತ್ತಾರೆ.

ಪರೀಕ್ಷೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬೇರು ಸಹಿತ ಕೀಳಬೇಕಾಗಿದೆ. ಸಕ್ಕರೆಯ ಪರೀಕ್ಷೆಗೆ ನಾಳೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋಗಬೇಕು ಎಂಬುದು ದೊಡ್ಡವರ ನಿಯಮಿತ ತಪಾಸಣೆಗೆ ಸರಿ. ಲಕ್ಷಣವಿರುವ ಮಗುವಿಗೆ ಅದು ಸಲ್ಲದು. ಉಂಡಿರಲಿ, ಉಪವಾಸವಿರಲಿ, ಅದೇ ದಿನ ನೋಡಬೇಕು. ಲಕ್ಷಣಗಳ ಜೊತೆಗೆ ಯಾವ ಹೊತ್ತಿನಲ್ಲಿಯಾದರೂ ರಕ್ತದ ಸಕ್ಕರೆ 200 ಮಿಲಿಗ್ರಾಂ ಅಥವಾ ಅದಕ್ಕೂ ಮೇಲಿದ್ದರೆ ಅದು ಮಧುಮೇಹವೇ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಬರಿಹೊಟ್ಟೆಯ ಪರೀಕ್ಷೆಯಲ್ಲಿ ಈ ಗಡಿ 126. ಬೆರಳು ಚುಚ್ಚುವ ಮೊದಲು ಕೈಯನ್ನು ಸೋಪಿನಿಂದ ತೊಳೆದು ಒರೆಸಬೇಕು. ಬೆಲ್ಲವನ್ನೋ ಹಣ್ಣನ್ನೋ ಮುಟ್ಟಿದ ಬೆರಳು ಸುಳ್ಳು ಸಾಕ್ಷಿ ಹೇಳುತ್ತದೆ. ಅಂಕೆ ಹೆಚ್ಚಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಅಂಕೆ ಕಡಿಮೆಯಿದ್ದು ಲಕ್ಷಣ ಮುಂದುವರಿದರೆ ವೈದ್ಯರಿಗೆ ತೋರಿಸಿ ಪ್ರಯೋಗಾಲಯದ ಪರೀಕ್ಷೆ ಮಾಡಿಸಬೇಕು. ಈ ರೋಗದಲ್ಲಿ ನಮ್ಮ ವೈರಿ ಸಕ್ಕರೆಯಷ್ಟೇ ಅಲ್ಲ. "ನಾಳೆ ನೋಡೋಣ" ಎಂಬ ಮಾತೂ ವೈರಿಯೇ.

ಎರಡನೆಯ ಬಗೆಯ ಮಧುಮೇಹವೂ ಈಚೆಗೆ ಹದಿಹರೆಯದವರಲ್ಲಿ ಕಾಣಿಸಿಕೊಳ್ಳುತ್ತಿದೆ ಎಂಬುದನ್ನು ಮರೆಯಲಾಗದು. ಮೈ ಬಂದಿರುವ, ತಂದೆಗೋ ತಾಯಿಗೋ ಸಕ್ಕರೆ ಕಾಯಿಲೆಯಿರುವ ಮಕ್ಕಳ ಕುತ್ತಿಗೆಯ ಹಿಂಭಾಗದಲ್ಲಿ, ಕಂಕುಳಲ್ಲಿ ಚರ್ಮ ಮಖಮಲ್ಲಿನಂತೆ ದಪ್ಪಗಾಗಿ ಕಪ್ಪಾಗುವುದುಂಟು. ಅದನ್ನು ಕೊಳೆಯೆಂದು ತಿಳಿದು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಮಗುವನ್ನು ಅಳಿಸುವ ತಾಯಂದಿರನ್ನು ನಾವು ಕಂಡಿದ್ದೇವೆ. ಅದು ಕೊಳೆಯಲ್ಲ, ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಸೂಚನೆ. ಇಂತಹ ಮಕ್ಕಳಿಗೆ ಬೇರೆ ಲಕ್ಷಣವಿರಲಿ ಇಲ್ಲದಿರಲಿ, ವೈದ್ಯರ ಸಲಹೆ ಪಡೆದು ಪರೀಕ್ಷೆ ಮಾಡಿಸುವುದು ಲೇಸು.

ಹೆದರಿಸಲು ನಾವು ಇದನ್ನು ಬರೆಯುತ್ತಿಲ್ಲ. ನೂರು ವರ್ಷಗಳ ಹಿಂದಾಗಿದ್ದರೆ ಹೆದರಲು ಕಾರಣವಿತ್ತು. ಅಂದು ಟೈಪ್ 1 ಮಧುಮೇಹವೆಂದರೆ ಮಗುವಿನ ಸಾವಿನ ಓಲೆ. 1921ರಲ್ಲಿ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್, ಮ್ಯಾಕ್ಲಿಯಡ್, ಕಾಲಿಪ್ ಎಂಬವರ ದುಡಿಮೆಯಿಂದ ಇನ್ಸುಲಿನ್ ಬೆಳಕಿಗೆ ಬಂದಿತು. 1922ರ ಜನವರಿ 11ರಂದು ಅದರ ಚುಚ್ಚುಮದ್ದನ್ನು ಮೊದಲು ಪಡೆದವನು ಯಾವ ಶ್ರೀಮಂತನೂ ಅಲ್ಲ. ಆಸ್ಪತ್ರೆಯ ಸಾರ್ವಜನಿಕ ವಾರ್ಡಿನಲ್ಲಿ ಎಲುಬು ಚರ್ಮವಾಗಿ ಮಲಗಿದ್ದ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗ. ಮೊದಲ ಮದ್ದು ಸಾಕಷ್ಟು ಶುದ್ಧವಾಗಿರದೆ ಫಲಿಸಲಿಲ್ಲ. ಕಾಲಿಪ್ ಅದನ್ನು ಶುದ್ಧಗೊಳಿಸಿದ ಮೇಲೆ ಜನವರಿ 23ರಂದು ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು. ಆ ಹುಡುಗ ಮತ್ತೆ ಹದಿಮೂರು ವರ್ಷ ಬಾಳಿ 1935ರಲ್ಲಿ ತೀರಿಕೊಂಡ. ಕಂಡುಹಿಡಿದವರು ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಹೀಗೆ ಹದಿಹರೆಯದ ಒಬ್ಬ ಬಡ ರೋಗಿಯಿಂದ ಆರಂಭವಾದ ಚಿಕಿತ್ಸೆ, ರೋಗದ ಹೆಸರು ತಿಳಿಯದ ಕಾರಣಕ್ಕೆ ನಮ್ಮ ಹದಿಹರೆಯದವರನ್ನು ಮುಟ್ಟದೆ ಹೋಗುವುದು ನಾಚಿಕೆಯ ಸಂಗತಿ.

ತಿಳಿವಳಿಕೆಯೊಂದರಿಂದ ಎಷ್ಟು ಮಕ್ಕಳನ್ನು ಅಪಾಯದಿಂದ ಉಳಿಸಬಹುದೆಂಬುದಕ್ಕೆ ಇಟಲಿಯ ಪಾರ್ಮಾ ಪ್ರಾಂತ ನಿದರ್ಶನ. 1991ರಲ್ಲಿ ಅಲ್ಲಿಯ ವೈದ್ಯರು ಶಾಲೆಗಳಲ್ಲಿಯೂ ಮಕ್ಕಳ ಡಾಕ್ಟರರ ಕೋಣೆಗಳಲ್ಲಿಯೂ ಒಂದು ಭಿತ್ತಿಪತ್ರ ಅಂಟಿಸಿದರು. ಅತಿಯಾದ ಬಾಯಾರಿಕೆ, ಅತಿಯಾದ ಮೂತ್ರ, ಮತ್ತೆ ಹಾಸಿಗೆ ಒದ್ದೆ ಮಾಡುವುದು, ಇವು ಕಂಡರೆ ಮಧುಮೇಹವಿರಬಹುದು ಎಂಬಷ್ಟೇ ಅದರ ಸಾರಾಂಶ. ಅದಕ್ಕೆ ಮೊದಲು ಆ ಪ್ರಾಂತದಲ್ಲಿ ಹೊಸದಾಗಿ ರೋಗ ಪತ್ತೆಯಾದ ನೂರು ಮಕ್ಕಳಲ್ಲಿ 78 ಮಕ್ಕಳು ರಕ್ತ ಆಮ್ಲವಾಗುವ ಅಪಾಯದ ಸ್ಥಿತಿಯಲ್ಲಿಯೇ ಆಸ್ಪತ್ರೆ ಸೇರುತ್ತಿದ್ದರು. ಮುಂದಿನ ವರ್ಷಗಳಲ್ಲಿ ಈ ಪ್ರಮಾಣ ನೂರಕ್ಕೆ 12.5ಕ್ಕೆ ಇಳಿಯಿತು. ಗೋಡೆಯ ಮೇಲಿನ ಕಾಗದದ ಮಹಿಮೆ ಅದು. ಮುಷ್ಕರಕ್ಕೆ, ಸಭೆಗೆ, ನಾಟಕಕ್ಕೆ, ಗಣೇಶೋತ್ಸವಕ್ಕೆ ಗೋಡೆ ತುಂಬ ಕಾಗದ ಅಂಟಿಸಬಲ್ಲ ನಮಗೆ ಈ ಕೆಲಸ ಕಠಿಣವೇ?

ರೋಗ ಪತ್ತೆಯಾದ ಮೇಲೆ ಬರುವ ಕೆಲವು ಕಷ್ಟಗಳನ್ನೂ ಸೂಚಿಸಬೇಕು. ಟೈಪ್ 1 ಮಧುಮೇಹಕ್ಕೆ ಇನ್ಸುಲಿನ್ ಬೇಕೇ ಬೇಕು, ಜೀವಮಾನವಿಡೀ ಬೇಕು. ಬೇರು, ಬೀಜ, ಚೂರ್ಣಗಳನ್ನು ತಂದು ಸೂಜಿ ಬಿಡಿಸುತ್ತೇವೆನ್ನುವವರು ಬೇಕಾದಷ್ಟಿದ್ದಾರೆ. ಊರಿನಿಂದ ಬಂದ ಬಂಧುಗಳ ಒತ್ತಾಯಕ್ಕೆ ಇನ್ಸುಲಿನ್ ನಿಲ್ಲಿಸಿದರೆ ಮಗುವನ್ನು ನಾವೇ ಮತ್ತೆ ಆ ಅಪಾಯದ ಗಂಟೆಗೆ ತಳ್ಳಿದಂತೆ. ಇದು ಮಿಠಾಯಿ ತಿಂದು ಬಂದ ರೋಗವಲ್ಲ, ಅಂಟುರೋಗವೂ ಅಲ್ಲ, ಯಾರ ಪಾಪದ ಫಲವೂ ಅಲ್ಲ. ಮಗುವಿನ ತಟ್ಟೆ ಲೋಟವನ್ನು ಬೇರೆ ಇಡುವ ಮನೆಗಳಿದ್ದರೆ ಅದು ಅಜ್ಞಾನ. ಮನೆಯಲ್ಲಿ ಫ್ರಿಜ್ ಇಲ್ಲದವರು ಬಳಕೆಯಲ್ಲಿರುವ ಇನ್ಸುಲಿನನ್ನು ಒದ್ದೆ ಮಾಡಿದ ಮಣ್ಣಿನ ಮಡಕೆಯೊಳಗೆ, ಸೀಸೆಗೆ ನೀರು ತಾಗದಂತೆ ತಂಪಾಗಿ ಇಡಬಹುದು. ಆಸ್ಪತ್ರೆಯವರನ್ನು ಕೇಳಿದರೆ ಕ್ರಮವನ್ನು ತೋರಿಸಿಕೊಡುತ್ತಾರೆ. ಇನ್ಸುಲಿನ್ ಪಡೆಯುವ ಮಗು ಇದ್ದಕ್ಕಿದ್ದಂತೆ ಬೆವೆತು ನಡುಗಿದರೆ ಸಕ್ಕರೆ ತೀರ ಇಳಿದಿದೆಯೆಂದು ತಿಳಿಯಬೇಕು. ಎಚ್ಚರವಿರುವಾಗಲೇ ಸಕ್ಕರೆಯನ್ನೋ ಸಿಹಿ ಪಾನೀಯವನ್ನೋ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಶಾಲೆಯ ಮಾಸ್ತರರಿಗೂ ತಿಳಿಸಿರಬೇಕು. ಇಂತಹ ವಿದ್ಯಾರ್ಥಿಗಳು ಪರೀಕ್ಷೆಯ ಕೋಣೆಗೆ ತಿನಿಸು ಒಯ್ಯಲು ಸಿ.ಬಿ.ಎಸ್.ಇ. ಮಂಡಳಿ 2017ರಲ್ಲಿಯೇ ಅವಕಾಶ ಕೊಟ್ಟಿತು. ಇತರ ಶಾಲೆಗಳಲ್ಲಿಯೂ ತಂದೆತಾಯಿಗಳು ಮುಖ್ಯೋಪಾಧ್ಯಾಯರನ್ನು ಕಂಡು ಕೇಳಬೇಕು.

ಖರ್ಚಿನ ಮಾತು ಸಹಜವಾಗಿಯೇ ಬರುತ್ತದೆ. ಕಾರ್ಮಿಕರ ರಾಜ್ಯ ವಿಮಾ ಯೋಜನೆಯ ಪ್ರಕಾರ ವಿಮೆ ಮಾಡಿಸಿದ ಕೆಲಸಗಾರನಿಗೆ ಮಾತ್ರವಲ್ಲ, ಅವನ ಕುಟುಂಬಕ್ಕೂ ವೈದ್ಯಕೀಯ ನೆರವಿನ ಹಕ್ಕಿದೆ. ಸಂಬಳದಿಂದ ಪ್ರತಿ ತಿಂಗಳೂ ಇ.ಎಸ್.ಐ. ಹಣ ಮುರಿದುಕೊಂಡರೂ ಮಕ್ಕಳ ಹೆಸರನ್ನು ದಾಖಲು ಮಾಡಿಸದೆ ಬಿಟ್ಟವರು ನಮ್ಮಲ್ಲಿ ಅನೇಕರು. ಮಗು ಕಾಯಿಲೆ ಬಿದ್ದ ದಿನ ಕಾಗದಕ್ಕಾಗಿ ಅಲೆದಾಡುವುದಕ್ಕಿಂತ ಇಂದೇ ಹೆಸರು ಸೇರಿಸಿ. ಹಣ ಮುರಿದುಕೊಂಡೂ ವಿಮೆಯ ನಂಬರು ಕೊಡದ ಯಜಮಾನರಿದ್ದರೆ ಸಂಘಕ್ಕೆ ತಿಳಿಸಿ. ಅದನ್ನು ಕೇಳುವುದು ನಮ್ಮ ಕೆಲಸ.

ಈಗ ಸಂಘದ ಮುಂದೆ ನಾವು ಮೂರು ಸೂಚನೆಗಳನ್ನು ಇಡುತ್ತೇವೆ. ಒಂದು, ವಾಚನಾಲಯದಲ್ಲಿ ಒಂದು ಸಕ್ಕರೆ ನೋಡುವ ಯಂತ್ರವೂ ಪಟ್ಟಿಗಳೂ ಇರಬೇಕು, ಅದನ್ನು ಬಳಸಲು ಇಬ್ಬರು ಕಾರ್ಯಕರ್ತರು ವೈದ್ಯರಿಂದ ಕಲಿತಿರಬೇಕು. ಎರಡು, ಪ್ರತಿ ವರ್ಷ ನವೆಂಬರ್ 14ರಂದು ಮಕ್ಕಳ ದಿನವನ್ನು ಆಚರಿಸುತ್ತೇವೆ. ಬ್ಯಾಂಟಿಂಗನ ಜನ್ಮದಿನವೂ ಅದೇ ಆದುದರಿಂದ ಪ್ರಪಂಚದಾದ್ಯಂತ ಅದು ಮಧುಮೇಹ ದಿನವೂ ಹೌದು. ಅಂದು ಹಾಡು ಬಹುಮಾನಗಳ ಜೊತೆಗೆ ಒಬ್ಬ ವೈದ್ಯರಿಂದ ಅರ್ಧ ಗಂಟೆ ಈ ಲಕ್ಷಣಗಳ ಕುರಿತು ಕನ್ನಡದಲ್ಲಿ ಮಾತಾಡಿಸಬೇಕು. ಮೂರು, ನವೆಂಬರಿನವರೆಗೆ ಕಾಯದೆ ಈ ವಾರವೇ ಪ್ರತಿ ಚಾಳಿನ ಮೆಟ್ಟಿಲ ಬಳಿ, ನಮ್ಮವರು ದುಡಿಯುವ ಪ್ರತಿ ಹೋಟೆಲಿನ ಹುಡುಗರು ಮಲಗುವ ಕಡೆ ಒಂದು ಕಾಗದ ಅಂಟಿಸಬೇಕು. ಅದರಲ್ಲಿ ಇಷ್ಟು ಬರೆದರೆ ಸಾಕು:

"ನಿಮ್ಮ ಮಗು ಪದೇ ಪದೇ ನೀರು ಕುಡಿಯುತ್ತಿದೆಯೇ? ಪದೇ ಪದೇ ಮೂತ್ರಕ್ಕೆ ಹೋಗುತ್ತಿದೆಯೇ? ಉಂಡರೂ ಸೊರಗುತ್ತಿದೆಯೇ? ಸದಾ ಬಳಲುತ್ತಿದೆಯೇ? ಇಂದೇ ಬೆರಳು ಚುಚ್ಚಿಸಿ ರಕ್ತದ ಸಕ್ಕರೆ ನೋಡಿಸಿ. ವಾಂತಿ, ವೇಗದ ಉಸಿರು, ಮಂಪರು ಇದ್ದರೆ ಈಗಲೇ ದೊಡ್ಡ ಆಸ್ಪತ್ರೆಗೆ ಹೋಗಿ. ನಾಳೆ ಎನ್ನಬೇಡಿ."

ವಾಚಕರು ಇದನ್ನು ಕತ್ತರಿಸಿ ಅಂಟಿಸಬಹುದು, ಕೈಯಿಂದ ಬರೆದು ಹಂಚಬಹುದು, ಮರಾಠಿಗೋ ಹಿಂದಿಗೋ ತಮಿಳಿಗೋ ಮಾಡಿಸಿ ನೆರೆಯವರಿಗೆ ಕೊಡಬಹುದು. ರೋಗಕ್ಕೆ ಭಾಷೆಯ ಭೇದವಿಲ್ಲ. ನಾವು ವೈದ್ಯರಲ್ಲ, ಮಗುವಿಗೆ ಏನಾಗಿದೆಯೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಮಗುವನ್ನು ಹೊತ್ತಿಗೆ ಸರಿಯಾಗಿ ವೈದ್ಯರ ಮುಂದೆ ನಿಲ್ಲಿಸುವುದು ನಮ್ಮೆಲ್ಲರ ಕೆಲಸ.

ಆ ಹುಡುಗ ಮತ್ತೆ ವಾಚನಾಲಯಕ್ಕೆ ಬರುತ್ತಿದ್ದಾನೆ. ಮೈ ಕೈ ತುಂಬಿಕೊಂಡಿದೆ. ಊಟಕ್ಕೆ ಮೊದಲು ತನ್ನ ಸೂಜಿಯನ್ನು ತಾನೇ ಹಾಕಿಕೊಳ್ಳುತ್ತಾನೆ. ನೋಡುವವರು ಮುಖ ತಿರುಗಿಸಿದರೆ ನಗುತ್ತಾನೆ. ಹತ್ತನೆಯ ತರಗತಿಯ ಪುಸ್ತಕಗಳನ್ನು ಹರಡಿಕೊಂಡು ಎರಡು ಗಂಟೆ ಮೇಲೇಳದೆ ಓದುತ್ತಾನೆ. ಹೂಜಿಯಲ್ಲಿ ರಾತ್ರಿ ಬಾಗಿಲು ಹಾಕುವವರೆಗೂ ನೀರಿರುತ್ತದೆ. ಮುಂದೆ ಯಾವ ಮಗುವಾದರೂ ಆ ಹೂಜಿಯನ್ನು ಬೇಗ ಬರಿದು ಮಾಡತೊಡಗಿದರೆ ನಾವು ನಗುವುದಿಲ್ಲ. ಎದ್ದು ಹೋಗಿ ಅದರ ಕೈ ಹಿಡಿದು ಕೇಳುತ್ತೇವೆ. ನೀವೂ ಹಾಗೆಯೇ ಕೇಳಬೇಕೆಂದು ನಮ್ಮ ವಿನಂತಿ.